ಆರನೇ ಟೇಕಿನ ಕೈಗಳು

"ತುಟಿಗೆ ಮುಟ್ಟಿಸಿ ನೋಡಿ," ಎಂದಳು ಇನ್ಸ್‌ಪೆಕ್ಟರಮ್ಮ.

ನಿರ್ಮಾಪಕ ಎರಡು ಹೆಜ್ಜೆ ಹಿಂದಕ್ಕೆ ಸರಿದ. "ನಾನ್ಯಾಕೆ ಮುಟ್ಟಿಸ್ಲಿ ಮೇಡಂ? ಆಮೇಲೆ ನನ್ನ ತಲೆಗೇ ಬರುತ್ತೆ. ನೀವೇ ನೋಡಿ ಹೇಳಿ."

ಅವಳು ಪೆಟ್ಟಿಗೆಯಿಂದ ಸರವನ್ನೆತ್ತಿ ನಡುವಿನ ದೊಡ್ಡ ನೀಲಿ ಕಲ್ಲನ್ನು ಕೆಳತುಟಿಗೆ ತಾಗಿಸಿದಳು. ಅಪ್ಪಟ ಕಲ್ಲಾಗಿದ್ದರೆ ಬಾವಿಯ ನೀರಿನಷ್ಟು ತಣ್ಣಗಿರಬೇಕಿತ್ತು. ಇದು ಅತ್ತ ತಣ್ಣಗೂ ಇಲ್ಲ, ಇತ್ತ ಬೆಚ್ಚಗೂ ಇಲ್ಲ.

"ಗಾಜು," ಎಂದಳು.

ಮೂಲೆಯಲ್ಲಿ ಯಾರೋ ಆರಿಸುವುದನ್ನು ಮರೆತಿದ್ದ ಇಸ್ತ್ರಿಪೆಟ್ಟಿಗೆ ಬುಸ್ಸೆಂದು ಹಬೆ ಬಿಟ್ಟಿತು. ಉಡುಪಿನ ಕೋಣೆಯಲ್ಲಿ ನಿಂತಿದ್ದ ಏಳೆಂಟು ಮಂದಿ ಕತ್ತು ಚಾಚಿ ಪೆಟ್ಟಿಗೆಯತ್ತ ಬಗ್ಗಿದರು.

ನಿನ್ನೆ ಸಂಜೆ ಆರಕ್ಕೆ ಎಲ್ಲರ ಎದುರಿಗೇ ಕಬ್ಬಿಣದ ಬೀರುವಿನೊಳಗೆ ಹೋದ ಏಳು ನೀಲಿ ಕಲ್ಲಿನ ಸರ, ಇವತ್ತು ಬೆಳಿಗ್ಗೆ ಹನ್ನೊಂದಕ್ಕೆ ಗಾಜಾಗಿ ಹೊರಗೆ ಬಂದಿತ್ತು.

ಕತೆಯೂ ಅದೇ, ಕಷ್ಟವೂ ಅದೇ. ಇವರು ತೆಗೆಯುತ್ತಿದ್ದುದು ಟೀವಿಗೆಂದೇ ಮಾಡುತ್ತಿದ್ದ ಪತ್ತೇದಾರಿ ಚಿತ್ರ. ಅದರಲ್ಲಿ ಕಳ್ಳನೊಬ್ಬ ಆಭರಣದಂಗಡಿಗೆ ಬಂದು, ಎಲ್ಲರ ಕಣ್ಣೆದುರಿನಲ್ಲೇ ಅಸಲಿ ಸರವನ್ನು ತೋಳಿನೊಳಗೆ ಸೇರಿಸಿ ಅದರ ಜಾಗದಲ್ಲಿ ನಕಲಿಯನ್ನಿಡುತ್ತಾನೆ. ಕ್ಯಾಮೆರಾ ಹತ್ತಿರ ಹೋದರೆ ಗಾಜು ಗಾಜಿನಂತೆಯೇ ಕಾಣುತ್ತದೆಂದು ನಿರ್ದೇಶಕ ಹಟ ಹಿಡಿದ. ಕೊನೆಗೆ ಆಭರಣದಂಗಡಿಯ ಒಬ್ಬ ಅಜ್ಜಿ ತಮ್ಮ ಮನೆತನದ ಸರವನ್ನು ಎರಡು ದಿನದ ಮಟ್ಟಿಗೆ ಕೊಟ್ಟಿದ್ದರು.

ಇನ್ಸ್‌ಪೆಕ್ಟರಮ್ಮ ಮೂವತ್ತೊಂದು ವರ್ಷ ಪೊಲೀಸಿನಲ್ಲಿದ್ದು ಎರಡು ವರ್ಷದ ಹಿಂದೆ ನಿವೃತ್ತಳಾದವಳು. ಪತ್ತೇದಾರರು ನಿಜವಾಗಿ ಹೇಗೆ ಕೆಲಸ ಮಾಡುತ್ತಾರೆಂದು ಹೇಳಿಕೊಡಲು ಅವಳನ್ನು ಕರೆಸಿದ್ದರು. ಅವಳು ಹೇಳುತ್ತಿದ್ದಳು, ಅವರು ತಲೆಯಾಡಿಸಿ ತಮಗೆ ತೋಚಿದ್ದನ್ನೇ ಮಾಡುತ್ತಿದ್ದರು. ಭೂತಗನ್ನಡಿ ಹಿಡಿದು ನೆಲದ ಮೇಲೆ ತೆವಳುವ ಪತ್ತೇದಾರನನ್ನು ತನ್ನ ಇಡೀ ನೌಕರಿಯಲ್ಲಿ ಕಂಡಿಲ್ಲ ಎಂದು ಅವಳು ಹೇಳಿದ ದಿನವೇ ಎರಡನೇ ಭೂತಗನ್ನಡಿ ಬಂದಿತ್ತು.

"ಬೀರುವಿನ ಬೀಗದ ಕೈ ಎಷ್ಟಿವೆ?" ಎಂದು ಕೇಳಿದಳು.

"ಒಂದೇ ಒಂದು," ಎಂದ ನಿರ್ಮಾಪಕ.

"ಯಾರ ಹತ್ರ ಇರುತ್ತೆ?"

ಎಲ್ಲರ ಕಣ್ಣೂ ಒಂದೇ ಕಡೆ ಹೊರಳಿದವು. ಅಳತೆಯ ಟೇಪಿನ ಜೊತೆಗೆ ಕೊರಳಲ್ಲೊಂದು ದಾರ, ದಾರದ ತುದಿಗೆ ಬೀಗದ ಕೈ, ಹೀಗೆ ಇಸ್ತ್ರಿಯ ಮೇಜಿಗೆ ಒರಗಿ ನಿಂತಿದ್ದವನು ಉಡುಪಿನ ಟೇಲರು. ಎಲ್ಲರಿಗೂ ಟೇಲರಣ್ಣ. ಇನ್ಸ್‌ಪೆಕ್ಟರಮ್ಮನಿಗೆ ಒಡಹುಟ್ಟಿದ ತಮ್ಮ.

"ನಾನು ತೆಗೆದಿಲ್ಲ ಅಕ್ಕ," ಎಂದ ತಮ್ಮ. ಮಾತಿಗೆ ಮೊದಲು ಒಮ್ಮೆ ಉಗುಳು ನುಂಗಿದ.

ಅದನ್ನು ಅವಳು ಗಮನಿಸಿದಳು. ಗಮನಿಸದೆ ಇದ್ದಿದ್ದರೆ ಚೆನ್ನಾಗಿತ್ತು ಎನಿಸಿತು. ಸುಳ್ಳು ಹೇಳುವವರು ಮಾತಾಡಿದ ಮೇಲೆ ಉಗುಳು ನುಂಗುತ್ತಾರೆ, ಏನನ್ನೋ ಮುಚ್ಚಿಡುವವರು ಮೊದಲೇ ನುಂಗುತ್ತಾರೆ. ಠಾಣೆಯಲ್ಲಿ ಕಿರಿಯರಿಗೆ ಇದನ್ನು ಕಲಿಸಿದವಳೇ ಅವಳು.

"ನಿಮ್ಮ ತಮ್ಮ ಅಂತ ನಾನು ಸುಮ್ಮನಿರೋಕಾಗಲ್ಲ ಮೇಡಂ," ಎಂದ ನಿರ್ಮಾಪಕ. "ಗೇಟು ಹಾಕಿಸಿದೀನಿ, ಬೆಳಿಗ್ಗೆಯಿಂದ ಒಂದು ಇಲಿನೂ ಹೊರಗೆ ಹೋಗಿಲ್ಲ. ನಾಲ್ಕಕ್ಕೆ ಅಜ್ಜಿ ಸರ ತಗೊಂಡು ಹೋಗೋಕೆ ಬರ್ತಾರೆ. ಅಷ್ಟರೊಳಗೆ ಸಿಕ್ಕಿದ್ರೆ ಸರಿ. ಇಲ್ಲಾಂದ್ರೆ ಪೊಲೀಸ್‌ಗೆ ಫೋನ್ ಮಾಡ್ತೀನಿ. ಅಲ್ಲಿವರೆಗೆ ಇವರು ನನ್ನ ರೂಮಲ್ಲೇ ಕೂತಿರಲಿ."

ತಮ್ಮ ಟೇಪನ್ನು ಕೊರಳಿನಿಂದ ತೆಗೆದು, ಮಡಚಿ, ಹೊಲಿಗೆ ಯಂತ್ರದ ಪಕ್ಕದಲ್ಲಿಟ್ಟು ಹೊರಟ. ಇಪ್ಪತ್ತಾರು ವರ್ಷ ಸೂಜಿ ಹಿಡಿದವನು ಅಷ್ಟು ಜನರ ನಡುವೆ ತಲೆ ತಗ್ಗಿಸಿ ನಡೆದುಹೋಗುವುದನ್ನು ಅವಳು ನೋಡಿದಳು.

ಕೈಗಡಿಯಾರ ನೋಡಿಕೊಂಡಳು. ಐದು ಗಂಟೆ ಅವಕಾಶವಿತ್ತು. ಠಾಣೆಯಲ್ಲಿದ್ದಾಗ ಇದಕ್ಕಿಂತ ಕಡಿಮೆ ಹೊತ್ತಿನಲ್ಲಿ ಇದಕ್ಕಿಂತ ಕಗ್ಗಂಟಾದದ್ದನ್ನು ಬಿಡಿಸಿದ್ದುಂಟು.

* * *

ಚಿತ್ರೀಕರಣದಲ್ಲಿ ಯಾವುದನ್ನೂ ಮರೆಯದೆ ಇರುವುದೇ ಒಬ್ಬರ ಕೆಲಸ. ನಟ ಯಾವ ಕೈಯಲ್ಲಿ ಲೋಟ ಹಿಡಿದಿದ್ದ, ನಟಿಯ ಕೂದಲು ಕಿವಿಯ ಹಿಂದಿತ್ತೋ ಮುಂದಿತ್ತೋ, ಎಲ್ಲವನ್ನೂ ಬರೆದಿಡಬೇಕು, ಪ್ರತಿ ಟೇಕಿನ ಕೊನೆಗೆ ಫೋಟೋ ತೆಗೆದಿಡಬೇಕು. ಇಲ್ಲಿ ಆ ಕೆಲಸ ಎರಡು ಮಕ್ಕಳ ತಾಯಿಯೊಬ್ಬಳದು. ಕಂಡಕಂಡಲ್ಲಿ ಹಳದಿ ಚೀಟಿ ಅಂಟಿಸುವುದರಿಂದ ಅವಳಿಗೆ ಚೀಟಿಯಮ್ಮ ಎಂದೇ ಹೆಸರು ಬಿದ್ದಿತ್ತು.

"ನನ್ನ ಗಂಡನ ಬೆನ್ನಿಗೂ ಒಂದ್ಸಲ ಅಂಟಿಸಿಬಿಟ್ಟಿದ್ದೆ," ಎನ್ನುತ್ತ ಅವಳು ಕ್ಯಾಂಟೀನಿನ ಮೇಜಿನ ಮೇಲೆ ಫೋಟೋಗಳನ್ನು ಸಾಲಾಗಿ ಹರಡಿದಳು. "ಆಫೀಸಿಗೆ ಹೋಗಿ ಬಂದ್ರು, ಯಾರೂ ಹೇಳಲೇ ಇಲ್ವಂತೆ. ನೋಡಿ ಮೇಡಂ, ನಿನ್ನೆ ಸರದ ಸೀನಿಗೆ ಆರು ಟೇಕು. ಆರು ಫೋಟೋ."

"ಇದು ಯಾರ ಕೈ?"

"ಜಾದೂ ತಾತಂದು. ಕಳ್ಳನ ಪಾರ್ಟು ಮಾಡೋರಿಗೆ ಆ ಚಳಕ ಎಲ್ಲಿ ಬರಬೇಕು? ಗಲ್ಲಾದ ಹಿಂದೆ ಕಪ್ಪು ಪರದೆ ಇಳಿಬಿಟ್ಟಿದ್ದಾರಲ್ಲ, ತಾತ ಅದರ ಹಿಂದೆ ಕೂತ್ಕೊಂಡು, ಕಳ್ಳನ ಕೋಟು ಹಾಕ್ಕೊಂಡು, ಕೈ ಮಾತ್ರ ಹೊರಗೆ ಹಾಕ್ತಾರೆ. ಕ್ಯಾಮೆರಾಕ್ಕೂ ಅಷ್ಟೇ ಕಾಣೋದು, ನಮಗೂ ಅಷ್ಟೇ. ಕಟ್ ಅಂದ ಮೇಲೆ ಕೈ ಅಲ್ಲಾಡಿಸದೆ ಹಾಗೇ ಇರಬೇಕು. ನಾನು ಫೋಟೋ ತೆಗೀತೀನಿ. ಆಮೇಲೆ ಟೇಲರಣ್ಣ ತೋಳಿನಿಂದ ಅಸಲಿ ಸರ ಬಿಡಿಸಿ ಪೆಟ್ಟಿಗೆಗೆ ಹಾಕ್ತಾರೆ."

ಆರೂ ಫೋಟೋಗಳಲ್ಲಿ ಒಂದೇ ಚಿತ್ರ. ಬಲಗೈ ಗಲ್ಲಾದ ಮೇಲೆ ಸರವಿಡುವ ಪೀಠದಲ್ಲಿ ನಕಲಿ ಸರವನ್ನಿಟ್ಟು ಹಿಂದೆ ಸರಿಯುತ್ತಿದೆ. ಎಡಗೈಯ ತೋಳಿನೊಳಗೆ ಅಸಲಿ ಸರ ಸೇರಿಹೋಗಿದೆ, ಕೊಂಡಿಯ ತುದಿಯಷ್ಟೇ ಎರಡಂಗುಲ ಹೊರಗಿಣುಕಿದೆ.

ಇನ್ಸ್‌ಪೆಕ್ಟರಮ್ಮ ಕನ್ನಡಕ ಏರಿಸಿಕೊಂಡು ಒಂದೊಂದಾಗಿ ನೋಡತೊಡಗಿದಳು. ಚೀಟಿಯಮ್ಮನ ಚಹಾ ಆರಿ ಕೆನೆಗಟ್ಟಿತು. ಕ್ಯಾಂಟೀನಿನವನು ಮೇಜು ಒರೆಸಲು ಬಂದವನು ಇವಳ ಮುಖ ನೋಡಿ ಹಾಗೇ ತಿರುಗಿಹೋದ.

"ಇಲ್ಲಿ ನೋಡು," ಎಂದಳು ಕಡೆಗೆ. "ಕೊಂಡಿಯಿಂದ ಮೂರನೇ ಕುಣಿಕೆ. ಬಣ್ಣ ಬೇರೆ ಇಲ್ವಾ?"

ಚೀಟಿಯಮ್ಮ ಬಗ್ಗಿದಳು. "ಹೌದಲ್ಲ! ಉಳಿದಿದ್ದೆಲ್ಲ ಬಿಳಿ, ಇದೊಂದು ಹಳದಿ."

"ಯಾವಾಗಲೋ ಕಿತ್ತುಹೋಗಿದೆ, ಬೇರೆ ಲೋಹದಲ್ಲಿ ರಿಪೇರಿ ಮಾಡಿಸಿದಾರೆ. ನಕಲಿ ಮಾಡಿದವರು ಸರದ ಮುಂಭಾಗ ನೋಡಿ ಮಾಡಿರ್ತಾರೆ, ಕೊಂಡಿ ಹತ್ರ ಯಾರು ನೋಡ್ತಾರೆ? ಈಗ ಐದನೇ ಫೋಟೋದಲ್ಲಿ ಹಳದಿ ಕುಣಿಕೆ ಇದೆಯಾ?"

"ಇದೆ."

"ಆರನೇದರಲ್ಲಿ?"

ಚೀಟಿಯಮ್ಮ ಬಾಯಿಗೆ ಕೈ ಅಡ್ಡ ಹಿಡಿದಳು. "ಇಲ್ಲ ಮೇಡಂ. ಎಲ್ಲಾ ಬಿಳಿ."

"ಹಾಗಾದ್ರೆ ಬೀರುವಿಗೆ ಹೋಗಿದ್ದೇ ನಕಲಿ. ಬೀಗಕ್ಕೂ ಇದಕ್ಕೂ ಸಂಬಂಧವೇ ಇಲ್ಲ." ಅವಳಿಗೆ ಎದೆಯ ಮೇಲಿನ ಬಂಡೆ ಅರ್ಧ ಉರುಳಿದಂತಾಯಿತು. ಆರಿದ ಚಹಾವನ್ನೇ ಗಟಗಟ ಕುಡಿದುಬಿಟ್ಟಳು. ಅದು ಚೀಟಿಯಮ್ಮನ ಲೋಟವೆಂಬುದು ಕೆಳಗಿಟ್ಟ ಮೇಲೆ ಗೊತ್ತಾಯಿತು.

"ಕುಡೀರಿ ಮೇಡಂ, ಕುಡೀರಿ," ಎಂದು ಚೀಟಿಯಮ್ಮ ನಕ್ಕಳು. ತಕ್ಷಣ ನಗು ಮಾಯವಾಯಿತು. "ಆದ್ರೆ… ಅದು ತಾತನ ಕೈ. ತಾತ ಅಂಥೋರಲ್ಲ."

"ಯಾರೂ ಅಂಥೋರಲ್ಲ, ಕಣಮ್ಮ. ಅಂಥೋರು ಅಂತ ಗೊತ್ತಾಗೋವರೆಗೆ."

* * *

ಜಾದೂ ತಾತ ಮೇಕಪ್ ಕೋಣೆಯ ಕೊನೆಯ ಕನ್ನಡಿಯ ಮುಂದೆ, ಒಂದು ಬೋಗುಣಿ ಬಿಸಿನೀರಿನಲ್ಲಿ ಎರಡೂ ಕೈ ಅದ್ದಿಕೊಂಡು ಕುಳಿತಿದ್ದರು. ಎಪ್ಪತ್ತು ದಾಟಿದ ದೇಹ. ಒಂದು ಕಾಲಕ್ಕೆ ಊರೂರು ಸುತ್ತಿ, ತುಂಬಿದ ಸಭೆಯ ಮುಂದೆ ಟೋಪಿಯಿಂದ ಪಾರಿವಾಳ ತೆಗೆದವರು. ಈಗ ಅವರಿಗೆ ಕೈಗಳೇ ಬಂಡವಾಳ.

"ಬಾಮ್ಮ ಇನ್ಸ್‌ಪೆಕ್ಟರಮ್ಮ. ನೀನು ಬರ್ತೀಯ ಅಂತ ಕಾಯ್ತಿದ್ದೆ."

ಅವಳು ಸ್ಟೂಲೊಂದನ್ನು ಎಳೆದುಕೊಂಡು ಎದುರಿಗೆ ಕುಳಿತಳು. ಆರನೇ ಫೋಟೋವನ್ನು ಬೋಗುಣಿಯ ಪಕ್ಕದಲ್ಲಿಟ್ಟಳು. "ನೇರವಾಗಿ ಕೇಳ್ತೀನಿ ತಾತ. ಅಸಲಿ ಎಲ್ಲಿ?"

"ನನಗೆ ಗೊತ್ತಿಲ್ಲ."

"ಐದನೇ ಟೇಕಿನವರೆಗೆ ನಿಮ್ಮ ತೋಳೊಳಗೆ ಹೋಗಿದ್ದು ಅಸಲಿ. ಆರನೇದರಲ್ಲಿ ನಕಲಿ. ನಲವತ್ತು ಜನದ ಮಧ್ಯೆ ಆ ಕೆಲಸ ಮಾಡಬಲ್ಲ ಕೈ ಇಲ್ಲಿ ಒಂದೇ ಜೊತೆ ಇರೋದು."

"ಅದು ಹೊಗಳಿಕೆಯೋ ಆಪಾದನೆಯೋ?"

"ಎರಡೂ."

ತಾತ ನಗಲಿಲ್ಲ. ಕೈಗಳನ್ನು ನೀರಿನಲ್ಲಿ ಇನ್ನಷ್ಟು ಕೆಳಕ್ಕೆ ಅದ್ದಿದರು.

"ಅಲ್ಲಿ ನನ್ನ ತಮ್ಮನ್ನ ಕಳ್ಳ ಅಂತ ಕೂರಿಸಿದಾರೆ ತಾತ," ಎಂದಳು ಅವಳು. ದನಿ ತಾನಾಗಿಯೇ ಇಳಿದಿತ್ತು. "ಕೋತಿ ತಾನು ಮೊಸರು ತಿಂದು ಮೇಕೆ ಬಾಯಿಗೆ ಒರೆಸಿದ ಹಾಗೆ ಆಗಬಾರದು. ನಿಮಗೆ ಗೊತ್ತಿರೋದನ್ನ ಹೇಳಿಬಿಡಿ."

ತಾತ ಮೆಲ್ಲಗೆ ಬಲಗೈಯನ್ನು ನೀರಿನಿಂದ ಎತ್ತಿ ಅವಳ ಮುಂದೆ ಚಾಚಿದರು.

ಕೈ ನಡುಗುತ್ತಿತ್ತು. ಗಾಳಿಗೆ ಸಿಕ್ಕ ಎಲೆಯ ಹಾಗೆ ಬೆರಳುಗಳು ಅದುರಿ, ನೀರಿನ ಹನಿಗಳು ಕನ್ನಡಿಗೆಲ್ಲ ಸಿಡಿದವು.

"ಒಂದು ತಿಂಗಳಾಯ್ತು," ಎಂದರು. "ಬಿಸಿನೀರಲ್ಲಿಟ್ರೆ ಸ್ವಲ್ಪ ಹೊತ್ತು ಸುಮ್ಮನಿರುತ್ತೆ. ನಿನ್ನೆ ಐದು ಟೇಕು ಹೇಗೋ ಆಯ್ತು. ಆರನೇದಕ್ಕೆ ಬೆರಳು ಮಾತು ಕೇಳಲೇ ಇಲ್ಲ. ಕೈ ಹೋಯ್ತು ಅಂತ ಗೊತ್ತಾದ್ರೆ ಇನ್ನು ನನ್ನನ್ನ ಯಾರಮ್ಮ ಕರೀತಾರೆ?"

"ಮತ್ತೆ ಆರನೇ ಟೇಕಲ್ಲಿ ಕೈ ಹಾಕಿದ್ದು ಯಾರು?"

ತಾತ ಫೋಟೋದ ಕಡೆಗೆ ಗದ್ದ ಚಾಚಿ ತೋರಿಸಿದರು.

ಅವಳು ಅದನ್ನೆತ್ತಿಕೊಂಡು ಮತ್ತೆ ನೋಡಿದಳು. ಈವರೆಗೆ ಸರವನ್ನಷ್ಟೇ ನೋಡಿದ್ದಳು, ಕೈಯನ್ನು ನೋಡಿರಲಿಲ್ಲ. ಗಿಡ್ಡ ಹೆಬ್ಬೆರಳು. ತೋರುಬೆರಳ ತುದಿಯಲ್ಲಿ ಸೂಜಿ ಚುಚ್ಚಿ ಚುಚ್ಚಿ ಗಟ್ಟಿಯಾದ ಚರ್ಮ. ಅಮ್ಮ ತೀರಿಕೊಂಡ ವರ್ಷ, ಇದೇ ಕೈ ಹಿಡಿದು ಅಕ್ಷರ ತಿದ್ದಿಸಿದವಳು ತಾನು.

ಅವಳು ಫೋಟೋವನ್ನು ಮಗುಚಿಟ್ಟಳು.

"ಮಧ್ಯಾಹ್ನ ಊಟದ ಹೊತ್ತಲ್ಲಿ ನನ್ನ ಹತ್ರ ಕೂತು ಕಲೀತಿದ್ದ," ಎಂದರು ತಾತ. "ಟೇಲರ ಬೆರಳು, ಬೇಗ ಪಳಗ್ತು. ನಿನ್ನೆ ನನ್ನ ಅವಸ್ಥೆ ನೋಡಿ, ತಾತ ಈಚೆಗೆ ಬನ್ನಿ ಅಂತ ಕೋಟು ಬಿಚ್ಚಿಸಿ, ತಾನೇ ಹಾಕ್ಕೊಂಡು ಪರದೆ ಹಿಂದೆ ಕೂತ. ಫೋಟೋ ಆದ ಮೇಲೆ ತಾನೇ ತೋಳಿನಿಂದ ಸರ ಬಿಡಿಸಿ ಪೆಟ್ಟಿಗೆಗೆ ಹಾಕಿದ. ಯಾರಿಗೂ ಹೇಳಬೇಡಪ್ಪ ಅಂತ ನಾನು ಕೈ ಮುಗಿದೆ. ಅವನು ಹೇಳಲಿಲ್ಲ. ಇಷ್ಟಾದ್ರೂ ಹೇಳಲಿಲ್ಲ ನೋಡು."

ಅವಳು ಎದ್ದು ನಿಂತಳು. ಅರೆಗಳಿಗೆ, ಬರೀ ಅರೆಗಳಿಗೆ, ತಮ್ಮನೇ ತೆಗೆದಿದ್ದರೆ ಎಂಬ ಯೋಚನೆ ಬಂದುಹೋಯಿತು. ಬಂದದ್ದಕ್ಕೆ ಅವಳಿಗೆ ತನ್ನ ಮೇಲೆಯೇ ಬೇಸರವಾಯಿತು.

"ನಡಿಯಮ್ಮ," ಎಂದು ತಾತ ಟವೆಲ್ಲಿಗೆ ಕೈ ಒರೆಸಿಕೊಂಡರು. "ನಾನೂ ಬರ್ತೀನಿ. ಎಲ್ಲರ ಮುಂದೆ ಹೇಳ್ತೀನಿ. ಕೈ ನಡುಗೋದು ಗೊತ್ತಾದ್ರೆ ಗೊತ್ತಾಗ್ಲಿ. ಇಷ್ಟು ವಯಸ್ಸಾದ ಮೇಲೆ ಮಾನ ನಡುಗಬಾರದು."

* * *

ನಿರ್ಮಾಪಕನ ಕೋಣೆಯಲ್ಲಿ ತಮ್ಮ ಕೂತಿದ್ದ ಭಂಗಿ ನೋಡಿದರೆ ಹೆಡ್‌ಮಾಸ್ಟರರ ಮುಂದೆ ನಿಂತ ಹುಡುಗನ ನೆನಪಾಗುತ್ತಿತ್ತು. ಮುಂದೆ ಇಟ್ಟಿದ್ದ ಬಿಸ್ಕತ್ತನ್ನು ಮುಟ್ಟಿರಲಿಲ್ಲ. ಸುಮ್ಮನೆ ಕೂರಲಾರದೆ ಕಿಟಕಿಯ ಪರದೆಯ ಬಿಚ್ಚಿದ ಅಂಚನ್ನು ಹೊಲಿದು ಮುಗಿಸಿದ್ದ. ಅಂಗಿಯ ಕಾಲರಿನಲ್ಲಿ ಸೂಜಿ ಯಾವಾಗಲೂ ಇರುತ್ತಿತ್ತು.

ತಾತ ಎಲ್ಲವನ್ನೂ ಹೇಳಿದರು. ನಿರ್ಮಾಪಕ ಕೇಳುತ್ತ ಕೇಳುತ್ತ ಕುರ್ಚಿಯಲ್ಲಿ ಕುಸಿದ.

"ಬೆಳಿಗ್ಗೆ ಹೇಳೋಕೇನಾಗಿತ್ತೋ ನಿನಗೆ?" ಎಂದಳು ಅಕ್ಕ.

"ಮಾತು ಕೊಟ್ಟಿದ್ದೆ."

"ಜೈಲಿಗೆ ಕಳಿಸಿದ್ರೆ?"

"ನೀನಿದ್ದೀಯಲ್ಲ."

ಅಷ್ಟೇ ಅಂದ ಅವನು. ಅವಳು ಒಮ್ಮೆ ಕೆಮ್ಮಿ ಪೊಲೀಸಿನ ದನಿ ತಂದುಕೊಂಡಳು.

"ಸರಿ. ಈಗ ಕಣ್ಣು ಮುಚ್ಚು. ಆರನೇ ಟೇಕು. ಏನೇನು ಮಾಡಿದೆ, ಕೈಯಲ್ಲೇ ಮಾಡಿ ತೋರ್ಸು."

ಅವನು ಕಣ್ಣು ಮುಚ್ಚಿದ. ಎರಡೂ ಕೈ ಗಾಳಿಯಲ್ಲಿ ಎದ್ದವು. "ಬಲಗೈಯಲ್ಲಿ ನಕಲಿ ಇತ್ತು. ಎಡಗೈಯಿಂದ ಪೀಠದ ಮೇಲಿದ್ದನ್ನ ಹೀಗೆ ಎತ್ತಿ ತೋಳೊಳಗೆ ಬಿಟ್ಟೆ. ಬಲಗೈಲಿದ್ದಿದ್ದನ್ನ ಪೀಠದ ಮೇಲಿಟ್ಟೆ." ತಟ್ಟನೆ ನಿಲ್ಲಿಸಿದ. ಹುಬ್ಬು ಗಂಟಿಕ್ಕಿತು. "ಅಕ್ಕ… ಎರಡೂ ಒಂದೇ ತೂಕ ಇತ್ತು."

"ಏನಂದೆ?"

"ನನಗೆ ಹೆದರಿಕೆಯಲ್ಲಿ ಕೈ ಮರಗಟ್ಟಿದೆ ಅನ್ಸಿತ್ತು. ಆದ್ರೆ ಬಟ್ಟೆನ ಬೆರಳಲ್ಲಿ ಹಿಡಿದ್ರೆ ಎಷ್ಟು ತೂಕ ಅಂತ ಹೇಳೋ ಕೈ ಇದು. ಅಸಲಿ ಭಾರ ಇರಬೇಕಿತ್ತು. ಇರಲಿಲ್ಲ. ನಾನು ಕೈ ಹಾಕೋಕೆ ಮೊದಲೇ ಪೀಠದ ಮೇಲಿದ್ದಿದ್ದೂ ನಕಲಿ!"

ಎಂದರೆ ನಕಲಿ ಎರಡು ಇದ್ದವು.

"ಪೀಠದ ಮೇಲೆ ಸರ ಇಡ್ತಿದ್ದೋರು ಯಾರು?"

ಉತ್ತರ ಕೊಟ್ಟವನು ನಿರ್ಮಾಪಕ. ಅವನ ಮುಖ ಬಿಳಿಚಿಕೊಂಡಿತ್ತು. "ಅಜ್ಜಿನೇ. ಪ್ರತಿ ಟೇಕಿಗೂ ಪೆಟ್ಟಿಗೆಯಿಂದ ತೆಗೆದು ತಮ್ಮ ಕೈಯಾರೆ ಇಡ್ತಿದ್ರು. ಬೇರೆ ಯಾರೂ ಇಡೋ ಹಾಗಿರಲಿಲ್ಲ."

* * *

ಸಿನಿಮಾಕ್ಕೆ ಬೇಕಾದ ಸಾಮಾನುಗಳ ಕೋಣೆ ಅಂಗಳದಾಚೆ ಇತ್ತು. ರಟ್ಟಿನ ಕಂಬ, ಹತ್ತಿಯ ಕಲ್ಲು, ಒಡೆದರೂ ಗಾಯ ಮಾಡದ ಬಾಟಲಿ, ಎಲ್ಲದರ ನಡುವೆ ಬೆರಳಿಗೆಲ್ಲ ಗೋಂದು ಮೆತ್ತಿಕೊಂಡು ಕೂತಿದ್ದವಳು ಗೋಂದಕ್ಕ. ನಕಲಿ ಸರ ಮಾಡಿದವಳು ಅವಳೇ. ಗೋಡೆಯ ಮೊಳೆಗೆ ಅದು ತೂಗುತ್ತಿತ್ತು.

"ಎಷ್ಟು ಮಾಡಿದೆ?" ಎಂದಳು ಇನ್ಸ್‌ಪೆಕ್ಟರಮ್ಮ ಬಾಗಿಲಲ್ಲೇ ನಿಂತು.

"ಎರಡು. ಒಂದು ಇಲ್ಲೇ ಇದೆಯಲ್ಲ. ಇನ್ನೊಂದನ್ನ ಮೊನ್ನೆ ಅಜ್ಜಿ ಬಂದು ಮಾಡಿಸ್ಕೊಂಡು ಹೋದ್ರು. ನೆನಪಿಗಿರಲಿ ಅಂದ್ರು." ಗೋಂದಕ್ಕನಿಗೆ ಒಮ್ಮೆಲೇ ಭಯವಾಯಿತು. "ಯಾಕೆ ಮೇಡಂ, ಕೊಡಬಾರದಿತ್ತಾ?"

ಅಷ್ಟರಲ್ಲಿ ಮುಂದಿನ ಗೇಟಿನಲ್ಲಿ ಕಾರಿನ ಹಾರ್ನು ಕೇಳಿಸಿತು. ಗಂಟೆ ಇನ್ನೂ ಎರಡಾಗಿರಲಿಲ್ಲ. ಇನ್ಸ್‌ಪೆಕ್ಟರಮ್ಮ ಹಿತ್ತಲ ಮೆಟ್ಟಿಲಿನಲ್ಲಿ ಮೂರು ಸಲ ನಿಂತು ಮೊಣಕಾಲು ಉಜ್ಜಿಕೊಂಡು ನಿರ್ಮಾಪಕನ ಕೋಣೆಗೆ ಮರಳುವ ಹೊತ್ತಿಗೆ, ಮುಂದಿನ ಮೆಟ್ಟಿಲು ಹತ್ತಿ ಬಂದ ಅಜ್ಜಿ ಊರುಗೋಲನ್ನು ಮೇಜಿಗೆ ಒರಗಿಸಿ ಕುಳಿತು ಏದುಸಿರು ಬಿಡುತ್ತಿದ್ದರು.

"ಯಾರೋ ಟೇಲರನ್ನ ಹಿಡಿದಿದ್ದೀರಂತೆ?" ಎಂದರು. "ಬಿಡಿ ಅವನನ್ನ. ಅವನಲ್ಲ. ನನ್ನ ಸರ ಕದ್ದಿದ್ದು ನಾನೇ."

ನಿರ್ಮಾಪಕನ ಬಾಯಿ ತೆರೆದದ್ದು ಮುಚ್ಚಲಿಲ್ಲ. ಇನ್ಸ್‌ಪೆಕ್ಟರಮ್ಮನೊಬ್ಬಳು ಮಾತ್ರ ತಲೆಯಾಡಿಸಿದಳು. "ಗೊತ್ತಾಯ್ತು ಅಜ್ಜಿ. ಆರನೇ ಟೇಕಿಗೆ ಪೀಠದ ಮೇಲೆ ಗೋಂದಕ್ಕನ ಸರ ಇಟ್ರಿ. ಅಸಲಿ ನಿಮ್ಮ ಕೈಚೀಲಕ್ಕೆ ಹೋಯ್ತು. ಯಾಕೆ ಅನ್ನೋದೊಂದು ಗೊತ್ತಿಲ್ಲ."

ಅಜ್ಜಿ ಅವಳನ್ನು ಮೆಚ್ಚುಗೆಯಿಂದ ನೋಡಿದರು. "ಪರವಾಗಿಲ್ವೇ! ನಾಲ್ಕು ದಿನದ ಹಿಂದೆ ಅಂಗಡಿಗೆ ಒಂದು ಕಾಗದ ಬಂತಮ್ಮ. ಸಹಿ ಇಲ್ಲ, ಹೆಸರಿಲ್ಲ. 'ಸರ ಶೂಟಿಂಗಿಗೆ ಹೋದ್ರೆ ವಾಪಸ್ ಬರಲ್ಲ' ಅಂತ ಒಂದೇ ಸಾಲು. ಆಡಿದ ಮಾತು ತಪ್ಪೋಕೆ ಮನಸ್ಸು ಬರಲಿಲ್ಲ. ಯಾರಿಗಾದ್ರೂ ಹೇಳೋಣ ಅಂದ್ರೆ, ಕಳ್ಳನಿಗೇ ಹೇಳಿಬಿಟ್ರೆ? ಅದಕ್ಕೇ ಇದು ಕೊನೇ ಟೇಕು ಅಂದ ಕೂಡಲೇ ನಾನೇ ಎತ್ತಿಟ್ಕೊಂಡೆ. ಕಳ್ಳ ಬೀರು ಒಡೆದ್ರೆ ಗಾಜು ಸಿಗ್ಲಿ ಅಂತ. ಇವತ್ತು ಬಂದು ಹೇಳೋಣ ಅಂತಿದ್ದೆ, ಅಷ್ಟರಲ್ಲಿ ಈ ಅವಾಂತರ." ತಮ್ಮನ ಕಡೆ ತಿರುಗಿದರು. "ತಪ್ಪಾಯ್ತು ಕಣಪ್ಪ. ನಿನ್ನ ಮೇಲೆ ಬರುತ್ತೆ ಅಂತ ನಾನು ಯೋಚನೆನೇ ಮಾಡಲಿಲ್ಲ."

"ಹೋಗ್ಲಿ ಬಿಡಿ ಅಜ್ಜಿ," ಎಂದ ತಮ್ಮ. ಬೆಳಿಗ್ಗೆಯಿಂದ ಮೊದಲ ಬಾರಿಗೆ ನಕ್ಕ. ಆಮೇಲೆ ಬಿಸ್ಕತ್ತು ತೆಗೆದುಕೊಂಡ.

ಚೀಟಿಯಮ್ಮ ಕಣ್ಣೊರೆಸಿಕೊಂಡಳು. ನಿರ್ಮಾಪಕ ಎದ್ದುಬಂದು ಟೇಲರಣ್ಣನ ಎರಡೂ ಕೈ ಹಿಡಿದುಕೊಂಡು ಏನೇನೋ ತೊದಲಿದ. ಅಲ್ಲಿಗೆ ಎಲ್ಲ ಮುಗಿಯಬೇಕಿತ್ತು.

"ಇಗೋ ನೋಡಿ, ಎಲ್ಲರೂ ಕಣ್ತುಂಬ ನೋಡಿ," ಎಂದು ಅಜ್ಜಿ ಕೈಚೀಲದಿಂದ ಮಖಮಲ್ಲಿನ ಸಂಚಿ ತೆಗೆದು, ಸರವನ್ನು ಅಂಗೈಗೆ ಸುರಿದುಕೊಂಡರು.

ಅವರ ಬೆರಳುಗಳು ಅದರ ಮೇಲೆ ಒಮ್ಮೆ ಹರಿದು ನಿಂತುಬಿಟ್ಟವು. ಐವತ್ತು ವರ್ಷ ಕಲ್ಲು ಹಿಡಿದ ಕೈಗೆ ತುಟಿಯ ಪರೀಕ್ಷೆ ಬೇಕಾಗಿರಲಿಲ್ಲ.

"ಇದು ನಂದಲ್ಲ," ಎಂದರು. ದನಿ ಬಾವಿಯಿಂದ ಬಂದಂತಿತ್ತು. "ಕಾರು ಹತ್ತುವಾಗ ತೆಗೆದು ನೋಡಿದ್ದೆ. ಆಗ ಇದ್ದಿದ್ದು ನಂದೇ."

ಬಾಗಿಲಲ್ಲಿ ಗೋಂದಕ್ಕ ಕಾಣಿಸಿಕೊಂಡಳು. "ಮೇಡಂ, ನನ್ನ ಸರ ವಾಪಸ್ ಯಾವಾಗ ಕೊಡ್ತಾರೆ? ಇನ್ನೊಂದು ಸೀನಿಗೆ ಬೇಕು."

"ಯಾರು ಕೊಡಬೇಕು?"

"ಪೊಲೀಸು. ನೀವು ಆ ಕಡೆ ಹೋದ್ರಿ, ಅವರು ಈ ಕಡೆ ಬಂದ್ರು. ಸಾಕ್ಷಿಗೆ ಬೇಕು ಅಂತ ಮೊಳೆಯಿಂದ ತಗೊಂಡ್ರು. ನನ್ನ ಸಹಿನೂ ಹಾಕಿಸ್ಕೊಂಡ್ರು."

"ನಾನು ಪೊಲೀಸ್‌ನ ಕರೆದೇ ಇಲ್ಲ!" ಎಂದ ನಿರ್ಮಾಪಕ.

"ಕರೀದೆ ಏನು?" ಎಂದರು ಅಜ್ಜಿ. "ಕಾರಿಂದ ಇಳಿಯೋವಾಗ ಒಬ್ಬರು ಬಂದು, ಮೆಟ್ಟಿಲು ಕಷ್ಟ ಅಂತ ನನ್ನ ಚೀಲ ಹಿಡ್ಕೊಂಡ್ರಲ್ಲ. ಎಷ್ಟು ಮರ್ಯಾದೆಯಾಗಿ ಮಾತಾಡ್ಸಿದ್ರು!"

ತಮ್ಮ ಬಿಸ್ಕತ್ತನ್ನು ಕೆಳಗಿಟ್ಟ. "ಅಕ್ಕ. ಹೀರೋಗೆ ಅಂತ ನಾನೊಂದು ಪೊಲೀಸ್ ಯೂನಿಫಾರಂ ಹೊಲಿದಿಟ್ಟಿದ್ದೆ. ಬೆಳಿಗ್ಗೆಯಿಂದ ನಾನಿಲ್ಲಿ ಕೂತಿದೀನಿ. ಉಡುಪಿನ ಕೋಣೆ ಬಾಗಿಲು ಹಾರು ಹೊಡೆದಿದೆ."

"ಅಜ್ಜಿ ಚಾಪೆ ಕೆಳಗೆ ತೂರಿದ್ರೆ ಇವನು ರಂಗೋಲಿ ಕೆಳಗೇ ತೂರಿದಾನೆ," ಎಂದಳು ಇನ್ಸ್‌ಪೆಕ್ಟರಮ್ಮ. ಆಡುತ್ತಲೇ ಓಡಿದ್ದಳು. ಅಜ್ಜಿ ಸರವನ್ನು ಚೀಲಕ್ಕೆ ಹಾಕಿಕೊಳ್ಳಲೆಂದೇ ಆ ಕಾಗದ ಬರೆದವನು ಇವನೇ ಇರಬೇಕು ಎಂದು ಹೊಳೆದಿತ್ತು.

ವಿಚಿತ್ರವೆಂದರೆ ಅವಳಿಗೆ ಒಳಗೊಳಗೇ ಸಂತೋಷವಾಗುತ್ತಿತ್ತು. ತಮ್ಮನ ಮೇಲಿನ ಮಸಿ ಅಳಿಸಿಹೋಗಿತ್ತು. ಸರ ಕೈಬದಲಾಗಿ ಹತ್ತು ನಿಮಿಷವೂ ಆಗಿರಲಿಲ್ಲ. ಇಡೀ ಕಾಂಪೌಂಡಿಗೆ ಇದ್ದದ್ದು ಎರಡೇ ಗೇಟು, ಎರಡೂ ಮುಚ್ಚಿದ್ದವು. ಎರಡು ವರ್ಷದಿಂದ ತುಕ್ಕು ಹಿಡಿಯುತ್ತಿದ್ದ ಯಾವುದೋ ಯಂತ್ರ ಅವಳೊಳಗೆ ಗರಗರನೆ ತಿರುಗತೊಡಗಿತ್ತು.

ಅಂಗಳದಲ್ಲಿ ಕೆಲಸ ಸಾಗಿತ್ತು. ಲೈಟಿನವರು ಕೇಬಲ್ಲು ಸುತ್ತುತ್ತಿದ್ದರು, ನಾಲ್ಕು ಜನ ರಟ್ಟಿನ ಗೋಡೆಯೊಂದನ್ನು ಹೊತ್ತು ಸಾಗುತ್ತಿದ್ದರು. ಅವರಾಚೆ, ಹಿಂದಿನ ಗೇಟಿನ ಕಡೆಗೆ, ಸಮವಸ್ತ್ರದ ಬೆನ್ನೊಂದು ಅವಸರವಿಲ್ಲದೆ ನಡೆಯುತ್ತಿತ್ತು. ಪೊಲೀಸರನ್ನು ಕಂಡ ಕಾವಲುಗಾರ ಆಗಲೇ ಚಿಲಕಕ್ಕೆ ಕೈ ಹಾಕಿದ್ದ.

"ನಿಲ್ಲು!"

ಪರೇಡ್ ಮೈದಾನದ ದನಿ ಅದು. ಕೇಬಲ್ಲಿನವರು ನಿಂತರು, ಗೋಡೆ ಹೊತ್ತವರು ನಿಂತರು. ಕಾವಲುಗಾರನ ಕೈ ಚಿಲಕದ ಮೇಲೆಯೇ ಉಳಿಯಿತು. ಸಮವಸ್ತ್ರದವನೂ ನಿಂತ.

ಅವನು ನಿಧಾನವಾಗಿ ತಿರುಗಿ, ಹಿಮ್ಮಡಿ ಜೋಡಿಸಿ, ಸಲ್ಯೂಟ್ ಹೊಡೆದ. ಟೋಪಿಯ ಅಂಚು ಕಣ್ಣನ್ನು ಮುಚ್ಚಿತ್ತು. ಆದರೆ ಆ ಸಲ್ಯೂಟನ್ನು ಯಾವ ಸಿನಿಮಾದಲ್ಲೂ ಕಲಿಸುವುದಿಲ್ಲ. ವರ್ಷಗಟ್ಟಲೆ ಬಿಸಿಲಲ್ಲಿ ನಿಂತು ಹೊಡೆದ ತೋಳಿಗಷ್ಟೇ ಅದು ಬರುತ್ತದೆ.

"ಮೇಡಂ, ನೀವು ಓಡಬಾರದಿತ್ತು," ಎಂದ ಅವನು. ದನಿಯಲ್ಲಿ ನಿಜವಾದ ಕಳಕಳಿಯಿತ್ತು. "ಮೊಣಕಾಲಿಗೆ ಆಪರೇಷನ್ ಆಗಲೇಬೇಕು ಅಂತ ಡಾಕ್ಟರು ಹೋದ ವಾರ ಹೇಳಲಿಲ್ವಾ?"

ಡಾಕ್ಟರ ಹತ್ತಿರ ಅವಳು ಒಬ್ಬಳೇ ಹೋಗಿದ್ದಳು. ಕೋಣೆಯ ಬಾಗಿಲು ಹಾಕಿತ್ತು. ಆ ವಿಷಯವನ್ನು ಯಾರ ಬಳಿಯೂ ಬಾಯಿ ಬಿಟ್ಟಿರಲಿಲ್ಲ.

ಹಿಂದೆಯೇ ಓಡಿಬಂದ ತಮ್ಮ ಅವಳ ತೋಳು ಹಿಡಿದುಕೊಂಡ.

"ಅಕ್ಕ, ನಿನ್ನ ಮೊಣಕಾಲಿಗೇನಾಗಿದೆ?"